ಟೋಕನ್ ಹಾಕದೆ ಕ್ರೆಡಿಟ್ ಏರಿದರೆ: ಆಟದ ಯಂತ್ರಗಳಲ್ಲಿ ವಿದ್ಯುತ್ ಅಡಚಣೆ ಮತ್ತು ಕೈವಾಡವನ್ನು ಬೇರ್ಪಡಿಸುವ ದೋಷ ನಿವಾರಣೆ ಕೈಪಿಡಿ

ಕಲಬುರಗಿ, ಬೀದರ್, ಯಾದಗಿರಿಯ ಗೇಮ್ ಝೋನ್‌ಗಳಿಂದಲೂ ಜಾತ್ರೆಯ ಡೇರೆಗಳಿಂದಲೂ ಬರುವ ದೂರುಗಳಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣವಾಗುವುದು ಒಂದೇ: ಟೋಕನ್ ಹಾಕದಿದ್ದರೂ ಯಂತ್ರದ ಪರದೆಯಲ್ಲಿ ಕ್ರೆಡಿಟ್ (ಆಡಲು ಬಾಕಿಯಿರುವ ಆಟಗಳ ಲೆಕ್ಕ) ಏರುತ್ತದೆ. "ಹುಡುಗ್ರು ಏನೋ ರಿಮೋಟ್ ಹಚ್ಚ್ಯಾರ್ರೀ" ಎಂದು ಮಾಲೀಕರು ಫೋನಿನಲ್ಲೇ ತೀರ್ಪು ಕೊಟ್ಟುಬಿಟ್ಟಿರುತ್ತಾರೆ. ಎಷ್ಟೋ ಸಲ ತಂತ್ರಜ್ಞ ಹೋಗಿ ಮುಟ್ಟುವಷ್ಟರಲ್ಲಿ ಯಾವನೋ ಹುಡುಗನ ಜೇಬು ತಡಕಾಡಿ, ನಾಲ್ಕು ಮಾತು ಅಂದು, ಹೊರಗೆ ಹಾಕಿಯೂ ಆಗಿರುತ್ತದೆ. ಹೊರಗಿನವರ ಕೈವಾಡ ಇರುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಊಹೆಯಿಂದ ಹೇಳಬಾರದು, ಯಂತ್ರದೊಳಗಿನ ಲೆಕ್ಕದಿಂದಲೇ ಹೇಳಬೇಕು, ಮತ್ತು ಹಾಗೆ ಹೇಳುವುದಕ್ಕೆ ಬೇಕಾದ ಸಾಕ್ಷ್ಯ ಯಂತ್ರದೊಳಗೇ ಇರುತ್ತದೆ.

ಈ ಕೈಪಿಡಿ ಬೊಂಬೆ ಎತ್ತುವ ಕ್ರೇನ್ ಯಂತ್ರ, ಟಿಕೆಟ್ ಕೊಡುವ ಯಂತ್ರ, ಕಾರು ಓಡಿಸುವ ವಿಡಿಯೊ ಗೇಮ್ ಮೊದಲಾದ ಮನರಂಜನೆಯ ಯಂತ್ರಗಳಿಗೆ ಸಂಬಂಧಿಸಿದ್ದು. ಹಣ ಕಟ್ಟಿ, ಅದೃಷ್ಟದ ಮೇಲೆ ಹಣ ಪಡೆಯುವ ಯಂತ್ರವನ್ನು ನಡೆಸುವುದು ನಮ್ಮ ರಾಜ್ಯದಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಜೂಜಾಗುತ್ತದೆ. ಅಂಥ ಯಂತ್ರದ ರಿಪೇರಿಯನ್ನು ಒಪ್ಪಿಕೊಳ್ಳಬಾರದು. ಹಾಗಿದ್ದರೂ ಜೂಜಿನ ಯಂತ್ರ ಮತ್ತು ಆಟದ ಯಂತ್ರದ ಒಳಗಿನ ಬೋರ್ಡು, ಟೋಕನ್ ದಾರಿ, ಸೆನ್ಸರುಗಳು ಹೆಚ್ಚುಕಡಿಮೆ ಒಂದೇ ಬಗೆಯವಾದ್ದರಿಂದ, ಹೊರದೇಶದ ಕ್ಯಾಸಿನೊಗಳಲ್ಲಿ ನಡೆದ ಮೋಸಗಳಿಂದ ನಾವು ಕಲಿಯಬೇಕಾದದ್ದು ಬಹಳವಿದೆ.

ಮೊದಲು ಮುಟ್ಟಬೇಡಿ, ಬರೆದುಕೊಳ್ಳಿ

ದೂರು ಬಂದ ಕೂಡಲೇ ಯಂತ್ರವನ್ನು ಆಫ್ ಮಾಡಿ ಆನ್ ಮಾಡುವುದು ಎಲ್ಲರ ಅಭ್ಯಾಸ. ಹಾಗೆ ಮಾಡಿದರೆ ಕೆಲವು ಬೋರ್ಡುಗಳಲ್ಲಿ ತಾತ್ಕಾಲಿಕ ಲೆಕ್ಕ ಅಳಿಸಿಹೋಗುತ್ತದೆ, ಪರದೆಯಲ್ಲಿ ಕಾಣುವ ದೋಷದ ಕೋಡೂ ಮಾಯವಾಗುತ್ತದೆ. ಪರದೆಯ ಫೋಟೊ ತೆಗೆದುಕೊಳ್ಳಿ. ಬಾಗಿಲಿನ ಬೀಗ, ಸೀಲು, ಸ್ಕ್ರೂಗಳ ತಲೆ ಇವುಗಳ ಫೋಟೊವನ್ನು ಬಾಗಿಲು ತೆರೆಯುವ ಮೊದಲೇ ತೆಗೆಯಿರಿ, ಏಕೆಂದರೆ ತೆರೆದ ಮೇಲೆ ಗೀರು ಹಳೆಯದೋ ನಿಮ್ಮದೋ ಎಂದು ಯಾರೂ ಹೇಳಲಾರರು. ದೋಷ ಕಾಣಿಸಿಕೊಂಡ ಗಂಟೆ, ಆಗ ಪಕ್ಕದಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು ಅಲ್ಲಿ ಕೆಲಸ ಮಾಡುವ ಹುಡುಗರನ್ನು ಕೇಳಿ ಬರೆದುಕೊಳ್ಳಿ. ಮಾಲೀಕರನ್ನಷ್ಟೇ ಕೇಳಿದರೆ ಸಾಲದು. ದಿನವಿಡೀ ಯಂತ್ರದ ಎದುರು ನಿಲ್ಲುವವರು ಕೆಲಸದ ಹುಡುಗರೇ.

ಮೂರು ಲೆಕ್ಕಗಳ ತಾಳೆ

ಪ್ರತಿ ಯಂತ್ರದಲ್ಲಿ ಒಂದೇ ಆದಾಯಕ್ಕೆ ಮೂರು ಲೆಕ್ಕ ಸಿಗುತ್ತದೆ. ಒಂದು, ಪೆಟ್ಟಿಗೆಯೊಳಗೆ ಬಿದ್ದಿರುವ ಟೋಕನ್‌ಗಳು. ಎರಡು, ಬಾಗಿಲಿನ ಹಿಂದೆ ಕೂಡಿಸಿರುವ, ಟಕ್ ಟಕ್ ಎಂದು ಉರುಳುವ ಅಂಕಿಗಳ ಯಾಂತ್ರಿಕ ಮೀಟರ್. ಮೂರು, ಬೋರ್ಡಿನ ಮೆನುವಿನಲ್ಲಿ ಕಾಣುವ ಸಾಫ್ಟ್‌ವೇರ್ ಲೆಕ್ಕ. ಈವತ್ತಿನ ಅಂಕಿಗಳಿಂದ ಹಿಂದಿನ ಸಲ ಪೆಟ್ಟಿಗೆ ಖಾಲಿ ಮಾಡಿದಾಗ ಬರೆದಿಟ್ಟ ಅಂಕಿಗಳನ್ನು ಕಳೆದು, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹಿಂದಿನ ಅಂಕಿ ಬರೆದಿಟ್ಟಿಲ್ಲವೆಂದರೆ ಈವತ್ತು ಬರೆದಿಟ್ಟು, ಒಂದು ದಿನ ಯಂತ್ರ ಓಡಿಸಿ, ಮರುದಿನ ತಾಳೆ ನೋಡುವುದೇ ದಾರಿ.

ತಾಳೆಗೆ ಮುಂಚೆ ಯಾಂತ್ರಿಕ ಮೀಟರಿನ ವೈರು ಎಲ್ಲಿಂದ ಬರುತ್ತದೆ ಎಂಬುದನ್ನು ಕೈಯಿಂದ ಹಿಡಿದು ಕೊನೆಯವರೆಗೆ ನೋಡಿಕೊಳ್ಳಿ. ಟೋಕನ್ನನ್ನು ಪರೀಕ್ಷಿಸಿ ಒಳಬಿಡುವ ಕಾಯಿನ್ ಆಕ್ಸೆಪ್ಟರ್‌ನಿಂದ ನೇರವಾಗಿ ಬಂದಿದ್ದರೆ ಅದು ಸ್ವತಂತ್ರ ಸಾಕ್ಷಿ. ಬೋರ್ಡೇ ಅದನ್ನು ಓಡಿಸುತ್ತಿದ್ದರೆ ಅದು ಬೋರ್ಡಿನ ಮಾತನ್ನೇ ಮರುನುಡಿಯುತ್ತದೆ, ಆಗ ಅದರ ಸಾಕ್ಷ್ಯಕ್ಕೆ ಬೆಲೆ ಕಡಿಮೆ.

ನೇರ ಮೀಟರ್ ಇರುವ ಯಂತ್ರದಲ್ಲಿ ಪೆಟ್ಟಿಗೆಯ ಟೋಕನ್ ಮತ್ತು ಯಾಂತ್ರಿಕ ಮೀಟರ್ ಸರಿಹೊಂದಿ, ಸಾಫ್ಟ್‌ವೇರ್ ಲೆಕ್ಕ ಮಾತ್ರ ಹೆಚ್ಚಾಗಿದ್ದರೆ, ಹೊರಗಿನವರನ್ನು ಸಂಶಯಿಸುವ ಮೊದಲು ವಿದ್ಯುತ್ ಅಡಚಣೆಯನ್ನು ಹುಡುಕಬೇಕು. ಕಾರಣ ಸರಳವಾಗಿದೆ. ಯಾಂತ್ರಿಕ ಮೀಟರಿನ ಸುರುಳಿಗೆ ಅಂಕಿಚಕ್ರವನ್ನು ಎಳೆಯಲು ಹತ್ತಾರು ಮಿಲಿಸೆಕೆಂಡುಗಳ ಗಟ್ಟಿ ಪಲ್ಸ್ (ವಿದ್ಯುತ್ತಿನ ಮಿಡಿತ) ಬೇಕು. ಇಂಥ ಮೀಟರುಗಳು ಸಾಮಾನ್ಯವಾಗಿ ಸೆಕೆಂಡಿಗೆ ಹತ್ತು ಎಣಿಕೆಯ ಸುಮಾರಿನಲ್ಲಿ ಓಡುವಂಥವು. ಬೋರ್ಡಿನಲ್ಲಿ ಎಣಿಕೆ ಮಾಡುವ ಚಿಪ್ಪಾದ ಮೈಕ್ರೊಕಂಟ್ರೋಲರ್‌ಗಾದರೋ, ಒಂದು ಮೈಕ್ರೊಸೆಕೆಂಡಿನ ಚಿಮ್ಮೂ ಪಲ್ಸಿನಂತೆಯೇ ಕಾಣಬಹುದು. ಸ್ಥಾಯಿ ವಿದ್ಯುತ್ತಿನ ಕಿಡಿಯೋ ಮೋಟಾರಿನ ಕಿಡಿಯೋ ಬೋರ್ಡನ್ನು ಮೋಸಗೊಳಿಸುತ್ತದೆ, ಮೀಟರನ್ನು ಅಲುಗಿಸುವುದಿಲ್ಲ. ಇಲ್ಲಿ ಇನ್ನೊಂದು ಸಾಧ್ಯತೆಯನ್ನೂ ಮರೆಯಬಾರದು: ಒಳಗಿನ ಸರ್ವೀಸ್ ಬಟನ್ ಒತ್ತಿ ಕ್ರೆಡಿಟ್ ಕೊಟ್ಟರೂ ಇದೇ ಅಂತರ ಬರುತ್ತದೆ, ಮತ್ತು ಬಾಗಿಲಿನ ಕೀಲಿ ಇರುವುದು ಗಿರಾಕಿಯ ಕೈಯಲ್ಲಲ್ಲ. ಸರ್ವೀಸ್ ಕ್ರೆಡಿಟ್ಟನ್ನು ಬೇರೆಯಾಗಿ ಎಣಿಸುವ ಬೋರ್ಡಾದರೆ ಆ ಅಂಕಿಯನ್ನೂ ನೋಡಿ.

ಮೀಟರ್ ಮತ್ತು ಸಾಫ್ಟ್‌ವೇರ್ ಒಂದಕ್ಕೊಂದು ಸರಿಹೊಂದಿ ಪೆಟ್ಟಿಗೆಯಲ್ಲಿ ಟೋಕನ್ ಕಡಿಮೆ ಇದ್ದರೆ ಪಲ್ಸ್ ನಿಜವಾದದ್ದು, ಪೂರ್ಣ ಉದ್ದದ್ದು. ಆಗ ಆಕ್ಸೆಪ್ಟರ್, ಅದರಲ್ಲಿ ಹಾಕಿದ ವಸ್ತು, ಪಲ್ಸ್ ವೈರಿಗೆ ಕದ್ದು ಜೋಡಿಸಿದ ರಿಮೋಟ್ ರಿಸೀವರ್, ಇಲ್ಲವೆ ಪೆಟ್ಟಿಗೆ ತೆರೆದ ಕೈ, ಈ ನಾಲ್ಕರಲ್ಲಿ ಒಂದನ್ನು ಹುಡುಕಬೇಕು. ಪೆಟ್ಟಿಗೆಯಲ್ಲಿ ಟೋಕನ್ ಹೆಚ್ಚಿದ್ದು ಎರಡು ಲೆಕ್ಕಗಳೂ ಕಡಿಮೆ ಇದ್ದರೆ ನಷ್ಟ ಗಿರಾಕಿಯದು: ಟೋಕನ್ ನುಂಗಿದೆ, ಪಲ್ಸ್ ಹೊರಟಿಲ್ಲ. ಇಂಥ ದೂರನ್ನು ಮಾಲೀಕರು ತಡವಾಗಿ ಹೇಳುತ್ತಾರೆ. ಆದರೆ ನಿಮ್ಮ ಕಣ್ಣಿಗೆ ಬಿದ್ದರೆ ಮೊದಲು ಇದನ್ನೇ ಸರಿಪಡಿಸಿ. ಐದನೆಯ ತರಗತಿಯ ಮಗು ತನ್ನ ಟೋಕನ್ ಹೋಯಿತೆಂದು ಹೇಳಿದರೆ ನಂಬುವವರು ಯಾರೂ ಇರುವುದಿಲ್ಲ.

ಅರ್ತಿಂಗ್: ನಮ್ಮ ನೆಲದ ವಿಶೇಷ

ಅಡಚಣೆಯ ಕಡೆಗೆ ಲೆಕ್ಕ ಬೊಟ್ಟು ಮಾಡಿದರೆ ಮೊದಲು ನೋಡಬೇಕಾದದ್ದು ಅರ್ತಿಂಗ್. ಮಲ್ಟಿಮೀಟರನ್ನು ಎಸಿ ವೋಲ್ಟೇಜಿಗೆ ಇಟ್ಟು, ಒಂದು ತುದಿಯನ್ನು ಯಂತ್ರದ ಬಣ್ಣವಿಲ್ಲದ ಲೋಹದ ಭಾಗಕ್ಕೂ ಇನ್ನೊಂದನ್ನು ನಂಬಿಕೆಯ ಅರ್ತ್‌ಗೂ ಹಿಡಿಯಿರಿ. ಸುಮಾರು 100 ವೋಲ್ಟ್ ಅಥವಾ ಅದರ ಆಚೀಚೆ ತೋರಿಸಿದರೆ ಅರ್ತ್ ವೈರು ಎಲ್ಲೋ ಕಡಿದಿದೆ ಎಂದೇ ತಿಳಿಯಿರಿ. ಯಂತ್ರಕ್ಕೆ ಕರೆಂಟು ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯ ಒಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಯಂತ್ರದ ಲೋಹದ ಮೈಗೆ ಸಣ್ಣ ಕೆಪಾಸಿಟರುಗಳು ಕೂತಿರುತ್ತವೆ; ಅರ್ತ್ ಇದ್ದಾಗ ಅವು ಗದ್ದಲವನ್ನು ನೆಲಕ್ಕೆ ಇಳಿಸುತ್ತವೆ, ಅರ್ತ್ ಇಲ್ಲದಾಗ ಮೈಯನ್ನೇ ಪೂರೈಕೆಯ ಅರ್ಧದಷ್ಟು ವೋಲ್ಟೇಜಿಗೆ ಏರಿಸಿ ನಿಲ್ಲಿಸುತ್ತವೆ. ಮುಟ್ಟಿದವರಿಗೆ "ಜುಂ" ಎನ್ನುವುದು ಇದರಿಂದಲೇ. ಸೋರುವ ಕರೆಂಟು ತೀರಾ ಸಣ್ಣದಿರಬಹುದು, ಆದರೆ ಅರ್ತ್ ಕಡಿದ ಯಂತ್ರದಲ್ಲಿ ನಾಳೆ ಒಂದು ವೈರಿನ ಹೊದಿಕೆ ಸುಲಿದರೆ ಪೂರ್ಣ 230 ವೋಲ್ಟ್ ಮಕ್ಕಳ ಕೈಗೆ ಬರುತ್ತದೆ. ಆದ್ದರಿಂದ ಈ ಅಳತೆ ಕಂಡ ಕ್ಷಣ ಯಂತ್ರದ ಪ್ಲಗ್ ಕೀಳಬೇಕು. ಮಾಲೀಕರು ಶನಿವಾರದ ವ್ಯಾಪಾರದ ಮಾತಾಡಿದರೂ ಬಗ್ಗಬಾರದು. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇಲ್ಲದ ಕರೆಂಟಿನ ಬೋರ್ಡಿಗೆ ಈ ಯಂತ್ರಗಳನ್ನು ಜೋಡಿಸಲೇಬಾರದು.

ವೈರು ಸರಿಯಿದ್ದೂ ಅರ್ತ್ ಸರಿಯಿಲ್ಲದಿರುವುದು ನಮ್ಮ ಭಾಗದಲ್ಲಿ ಬಹಳ. ಕಲಬುರಗಿ, ಯಾದಗಿರಿಯ ಎರೆ ಮಣ್ಣು ಮಳೆಗಾಲದಲ್ಲಿ ಒಳ್ಳೆಯ ವಾಹಕ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಬಿರುಕು ಅರ್ತ್ ರಾಡಿನ ಸುತ್ತ ಬಿದ್ದರೆ ಮಣ್ಣು ರಾಡನ್ನು ಬಿಟ್ಟು ದೂರ ಸರಿಯುತ್ತದೆ. ಅಕ್ಟೋಬರಿನಲ್ಲಿ ಚೆನ್ನಾಗಿ ಅಳತೆ ಕೊಟ್ಟ ಅರ್ತ್ ಗುಂಡಿಯೇ ಏಪ್ರಿಲಿನಲ್ಲಿ ಕೈಕೊಡುತ್ತದೆ. ಬೀದರಿನ ಜಂಬಿಟ್ಟಿಗೆ ನೆಲದ ತೊಂದರೆ ಬೇರೆ ಬಗೆಯದು: ಅಲ್ಲಿ ನೀರು ನಿಲ್ಲದೆ ಇಳಿದುಹೋಗುವುದರಿಂದ ಗುಂಡಿ ಬೇಗ ಒಣಗುತ್ತದೆ. ಪರೀಕ್ಷೆ ಸುಲಭ. ಸಂಜೆ ಅರ್ತ್ ಗುಂಡಿಗೆ ನಾಲ್ಕೈದು ಕೊಡ ನೀರು ಹಾಕಿ, ಮರುದಿನ ಅರ್ತ್ ಅಳತೆಯನ್ನೂ ದೋಷ ಎಷ್ಟು ಸಲ ಬಂತೆಂಬುದನ್ನೂ ನೋಡಿ. ಎರಡೂ ಇಳಿದಿದ್ದರೆ ಕಾರಣ ಸಿಕ್ಕಂತೆ. ಶಾಶ್ವತ ಉಪಾಯಕ್ಕೆ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಯನ್ನು ತುಂಬಿಸಿ, ಒಂದು ರಾಡಿನ ಉದ್ದಕ್ಕಿಂತ ಕಡಿಮೆಯಲ್ಲದ ಅಂತರದಲ್ಲಿ ಎರಡನೆಯ ರಾಡು ಇಳಿಸಿ ಜೋಡಿಸಬೇಕು. ಅಳತೆ 5 ಓಮ್‌ಗಿಂತ ಕೆಳಗೆ ಇರಲಿ.

ಬೇಸಿಗೆಯ ಸ್ಥಾಯಿ ವಿದ್ಯುತ್ತು

ಗುಂಡಿ ಎಷ್ಟೇ ಚೆನ್ನಾಗಿದ್ದರೂ ಕಿಡಿಯ ಸಮಸ್ಯೆ ಅದರಿಂದಷ್ಟೇ ತೀರುವುದಿಲ್ಲ. ಫೆಬ್ರವರಿಯಿಂದ ಮೇವರೆಗೆ ನಮ್ಮ ಮಧ್ಯಾಹ್ನದ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಶಹಾಬಾದ್ ಕಲ್ಲಿನ ಪರಸಿಯ ನೆಲವಿರುವ ಹಳೆಯ ಅಂಗಡಿಗಳಲ್ಲಿ ಈ ತೊಂದರೆ ಕಡಿಮೆ. ಹೊಸ ಗೇಮ್ ಝೋನ್‌ಗಳಲ್ಲಿ ನೆಲಕ್ಕೆ ವಿನೈಲ್ ಇಲ್ಲವೆ ಕಾರ್ಪೆಟ್ ಹಾಸಿ, ಎಸಿ ಹಾಕಿ, ಅದರ ಮೇಲೆ ನೈಲಾನ್ ಜಾಕೆಟ್ಟಿನ ಹುಡುಗರು ಓಡಾಡಿದರೆ ಮೈಯಲ್ಲಿ ಸಾವಿರಾರು ವೋಲ್ಟಿನ ಚಾರ್ಜು ಕೂಡುತ್ತದೆ. ಬೆರಳಿಗೆ ಚುರುಕ್ ಎಂದು ಗೊತ್ತಾಗಬೇಕಾದರೇ ಸುಮಾರು 3,000 ವೋಲ್ಟ್ ಬೇಕು. ಅದಕ್ಕಿಂತ ಕಡಿಮೆಯ ಕಿಡಿ ಯಾರಿಗೂ ತಿಳಿಯದಂತೆ ಹಾರಿ, ಬೋರ್ಡಿಗೆ ಮಾತ್ರ ತಿಳಿಯುತ್ತದೆ. ಇಂಥ ಕಿಡಿಯನ್ನು ತಡೆಯುವ ಶಕ್ತಿಯನ್ನು ಪರೀಕ್ಷಿಸಲು ಐಇಸಿ 61000-4-2 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ನಾಲ್ಕನೆಯ ಹಂತದಲ್ಲಿ ಸ್ಪರ್ಶಕ್ಕೆ 8 ಕಿಲೊವೋಲ್ಟ್, ಗಾಳಿಯ ಮೂಲಕ 15 ಕಿಲೊವೋಲ್ಟ್ ಕೊಟ್ಟು ನೋಡುತ್ತಾರೆ. ನಮ್ಮ ಮಾರುಕಟ್ಟೆಗೆ ಬರುವ ಅಗ್ಗದ ಬೋರ್ಡುಗಳ ಮೇಲೆ ಈ ಪರೀಕ್ಷೆಯ ಗುರುತನ್ನು ನಾನಂತೂ ಕಂಡಿಲ್ಲ.

ಕಲಬುರಗಿಯ ಒಂದು ಗೇಮ್ ಝೋನಿನಲ್ಲಿ ಕಂಡದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಟೋಕನ್ ತೂರುವ ಕಿಂಡಿಯ ಸುತ್ತ ಹೊಳೆಯುವ ಲೋಹದ ಚೌಕಟ್ಟು, ಅದು ಕೂತಿದ್ದ ಬಾಗಿಲು ಕಬ್ಬಿಣದ್ದು, ಬಾಗಿಲಿನಿಂದ ಮೈಗೆ ಅರ್ತ್ ವೈರು ಕೂಡ ಇತ್ತು. ನೋಡಲು ಎಲ್ಲ ಸರಿ. ಆದರೆ ಚೌಕಟ್ಟಿಗೂ ಬಾಗಿಲಿಗೂ ನಡುವೆ ಪೌಡರ್ ಕೋಟಿಂಗಿನ ದಪ್ಪ ಪದರ. ಮೀಟರ್ ಹಿಡಿದರೆ ಸಂಪರ್ಕವೇ ಇಲ್ಲ. ಬೆರಳಿನಿಂದ ಚೌಕಟ್ಟಿಗೆ ಹಾರಿದ ಕಿಡಿಗೆ ನೆಲದ ದಾರಿ ಸಿಗದೆ, ಅರ್ಧ ಇಂಚು ಹಿಂದೆ ಹಾದಿದ್ದ ಆಕ್ಸೆಪ್ಟರಿನ ಪಲ್ಸ್ ವೈರಿಗೇ ಹಾರುತ್ತಿತ್ತು. ಸ್ಕ್ರೂ ಕೂರುವ ಜಾಗದ ಬಣ್ಣವನ್ನು ಕೆರೆದು, ಹಲ್ಲಿನ ವಾಷರ್ ಹಾಕಿ, ಚೌಕಟ್ಟಿನಿಂದ ಮೈಗೆ ಅಗಲವಾದ ಹೆಣೆದ ತಾಮ್ರದ ಪಟ್ಟಿಯನ್ನು ಬಿಗಿದ ಮೇಲೆ ಆ ಯಂತ್ರದ ಸಾಫ್ಟ್‌ವೇರ್ ಲೆಕ್ಕ ಮೀಟರಿನ ಲೆಕ್ಕಕ್ಕೆ ಸರಿಹೋಯಿತು. ಪಟ್ಟಿ ಅಗಲವಾಗಿಯೂ ಗಿಡ್ಡವಾಗಿಯೂ ಇರಬೇಕು. ಕಿಡಿಯ ಏರಿಕೆ ನ್ಯಾನೊಸೆಕೆಂಡುಗಳಲ್ಲಿ ಆಗುವುದರಿಂದ ಉದ್ದನೆಯ ತೆಳು ವೈರು ಅದರ ಮಟ್ಟಿಗೆ ಇದ್ದೂ ಇಲ್ಲದಂತೆ. ಆ ಝೋನಿನಲ್ಲಿ ಅದಕ್ಕೆ ಮುಂಚೆ ಇಬ್ಬರು ಹುಡುಗರನ್ನು ಕಳ್ಳರೆಂದು ಬರಬೇಡಿರೆಂದಿದ್ದರು.

ಬೋರ್ಡಿನ ಕಡೆಯೂ ಒಂದು ಕೆಲಸ ಮಾಡಬೇಕು. ಆಕ್ಸೆಪ್ಟರಿನ ಪಲ್ಸ್ ಸಾಮಾನ್ಯವಾಗಿ 20ರಿಂದ 100 ಮಿಲಿಸೆಕೆಂಡಿನದು. ಬೋರ್ಡಿನ ಇನ್‌ಪುಟ್ಟಿಗೆ ಸರಣಿಯಲ್ಲಿ 10 ಕಿಲೊಓಮ್ ರೆಸಿಸ್ಟರ್, ಅದರ ಮುಂದೆ ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಕೂಡಿಸಿದರೆ ಒಂದು ಮಿಲಿಸೆಕೆಂಡಿನ ಸೋಸುಕ ಸಿದ್ಧವಾಗುತ್ತದೆ: ನಿಜವಾದ ಪಲ್ಸ್ ಹಾದುಹೋಗುತ್ತದೆ, ಚಿಮ್ಮು ಸತ್ತುಹೋಗುತ್ತದೆ. ಬೋರ್ಡಿನೊಳಗಿನ ಪುಲ್‌ಅಪ್ (ಇನ್‌ಪುಟ್ಟನ್ನು ಮೇಲಕ್ಕೆ ಎಳೆದು ಹಿಡಿಯುವ ರೆಸಿಸ್ಟರ್) ಗಟ್ಟಿಯಾಗಿದ್ದರೆ ಈ ರೆಸಿಸ್ಟರಿನಿಂದಾಗಿ ಇನ್‌ಪುಟ್ ಪೂರ್ತಿ ಕೆಳಗಿಳಿಯದಿರಬಹುದು. ಆಗ ರೆಸಿಸ್ಟರನ್ನು 1 ಕಿಲೊಓಮ್‌ಗೆ ಇಳಿಸಿ ಕೆಪಾಸಿಟರನ್ನು 1 ಮೈಕ್ರೊಫ್ಯಾರಡ್‌ಗೆ ಏರಿಸಿ. ಪಲ್ಸ್ ವೈರನ್ನು ಗ್ರೌಂಡ್ ವೈರಿನೊಂದಿಗೆ ಹೆಣೆದು ಮೋಟಾರಿನ ವೈರುಗಳಿಂದ ದೂರ ಹಾಯಿಸಿ.

ಮೋಟಾರು, ಜನರೇಟರು, ವಾಕಿಟಾಕಿ

ದೋಷಕ್ಕೊಂದು ಹೊತ್ತು ಇದ್ದರೆ ಆ ಹೊತ್ತನ್ನು ಬೆನ್ನುಹತ್ತಿ. ಶರಣಬಸವೇಶ್ವರ ಜಾತ್ರೆಯಂಥ ದೊಡ್ಡ ಜಾತ್ರೆಗಳಲ್ಲಿ ಯಂತ್ರದ ಡೇರೆಗೂ ತಿರುಗು ತೊಟ್ಟಿಲಿನ ಮೋಟಾರಿಗೂ ಒಂದೇ ಜನರೇಟರಿನಿಂದ ಕರೆಂಟು ಹೋಗಿರುತ್ತದೆ. ತೊಟ್ಟಿಲು ಶುರುವಾದಾಗಲೆಲ್ಲ ಕ್ರೆಡಿಟ್ ಏರಿದರೆ ಅದರಲ್ಲಿ ಯಾವ ಹುಡುಗನ ಕೈಯೂ ಇಲ್ಲ. ಖಚಿತಪಡಿಸಿಕೊಳ್ಳಲು ಅದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಕೈ ಡ್ರಿಲ್ಲಿಂಗ್ ಮಷೀನು ಜೋಡಿಸಿ ಹತ್ತಾರು ಸಲ ಆನ್ ಆಫ್ ಮಾಡಿ. ಅದರ ಬ್ರಷ್ ಕಿಡಿ ಒಳ್ಳೆಯ ಪರೀಕ್ಷಕ. ಕ್ರೆಡಿಟ್ ಏರಿದರೆ ಯಂತ್ರಕ್ಕೆ ಬೇರೆ ಲೈನು, ಲೈನ್ ಫಿಲ್ಟರ್, ವೋಲ್ಟೇಜಿನ ಚಿಮ್ಮನ್ನು ತಡೆಯುವ ವ್ಯಾರಿಸ್ಟರ್ ಬೇಕು. ಕ್ರೇನ್ ಯಂತ್ರದಲ್ಲಿ ಅಡಚಣೆ ಒಳಗಿನಿಂದಲೇ ಬರುವುದೂ ಉಂಟು: ಬೊಂಬೆ ಹಿಡಿಯುವ ಕೊಂಡಿಯ ಸುರುಳಿಗೆ ಅಡ್ಡಲಾಗಿ ಇರಬೇಕಾದ 1ಎನ್4007 ಡಯೋಡು ಸುಟ್ಟಿದ್ದರೆ ಕೊಂಡಿ ಬಿಟ್ಟಾಗಲೆಲ್ಲ ಹಿಂಬಡಿತದ ವೋಲ್ಟೇಜು ಬೋರ್ಡಿಗೆ ಬಡಿಯುತ್ತದೆ.

ರೇಡಿಯೊ ಅಲೆಗಳ ಬಗ್ಗೆ ಭಯ ಹೆಚ್ಚು, ತೊಂದರೆ ಕಡಿಮೆ. ಸೆಕ್ಯುರಿಟಿಯವರ 5 ವ್ಯಾಟಿನ ವಾಕಿಟಾಕಿಯನ್ನು ಬಾಗಿಲಿಗೆ ಒತ್ತಿ ಹಿಡಿದು ಮಾತಾಡಿಸಿ ನೋಡಿ. ಅದಕ್ಕೂ ಜಗ್ಗದ ಯಂತ್ರ ಜೇಬಿನ ಫೋನಿಗೆ ಜಗ್ಗುವುದಿಲ್ಲ. ಕಳ್ಳರ ಭಯಕ್ಕೆ ರೇಡಿಯೊ ಅಲೆಗಳನ್ನು ಅಡ್ಡಿಪಡಿಸುವ ಜಾಮರ್ ತಂದಿಡುವ ಆಲೋಚನೆ ಕೆಲವು ಮಾಲೀಕರಿಗಿದೆ. ಪರವಾನಗಿ ಇಲ್ಲದೆ ಜಾಮರ್ ಬಳಸುವುದು ಕಾನೂನುಬಾಹಿರ, ಜೊತೆಗೆ ಅದೇ ಯಂತ್ರಗಳಿಗೆ ಹೊಸ ಅಡಚಣೆ.

ಬಿಸಿಲು ಮತ್ತು ಬೆಳಕಿನ ಸೆನ್ಸರು

ಟೋಕನ್ ಲೆಕ್ಕ ಸರಿಯಿದ್ದು, ಹೊರಬಂದ ಬಹುಮಾನ ಅಥವಾ ಟಿಕೆಟ್ ಮಾತ್ರ ಹೆಚ್ಚಾಗಿದ್ದರೆ ಹೊರದಾರಿಯ ಇನ್‌ಫ್ರಾರೆಡ್ ಸೆನ್ಸರ್ ನೋಡಿ. 1990ರ ದಶಕದಲ್ಲಿ ಅಮೆರಿಕದ ಕ್ಯಾಸಿನೊಗಳಲ್ಲಿ ನಾಣ್ಯ ಎಣಿಸುವ ಸೆನ್ಸರನ್ನು ಬೆಳಕಿನಿಂದ ಕುರುಡಾಗಿಸಿ ಹೆಚ್ಚು ನಾಣ್ಯ ಸುರಿಸಿಕೊಂಡ ಮೋಸಗಾರರಿದ್ದರು. ನಮ್ಮಲ್ಲಿ ಅದೇ ಕೆಲಸವನ್ನು ಪಡುವಣ ಬಿಸಿಲು ಮಾಡುತ್ತದೆ: ಪಶ್ಚಿಮಕ್ಕೆ ಬಾಯಿ ಮಾಡಿದ ಡೇರೆಯಲ್ಲಿ ಸಂಜೆ ನಾಲ್ಕರ ನಂತರ ಓರೆ ಬಿಸಿಲು ನೇರ ಸೆನ್ಸರಿಗೆ ಬಿದ್ದು, ಬಹುಮಾನ ಬಿದ್ದದ್ದು ಅದಕ್ಕೆ ಕಾಣುವುದೇ ಇಲ್ಲ. ಬೋರ್ಡು ಇನ್ನೂ ಬಿದ್ದಿಲ್ಲವೆಂದು ಮತ್ತೊಂದನ್ನು ತಳ್ಳುತ್ತದೆ. ಕಪ್ಪು ಮುಸುಕು ಹಾಕಿ. ಸಾಧ್ಯವಾದರೆ 38 ಕಿಲೊಹರ್ಟ್ಸ್‌ನಲ್ಲಿ ಮಿಡಿಯುವ ಬೆಳಕಿನ ಸೆನ್ಸರ್ ಕೂಡಿಸಿ, ಅದು ಬಿಸಿಲನ್ನು ಲೆಕ್ಕಿಸುವುದಿಲ್ಲ. ಎರೆ ಮಣ್ಣಿನ ಧೂಳು ಸೆನ್ಸರಿನ ಕಣ್ಣಿಗೆ ಕೂತರೂ ಎಣಿಕೆ ತಪ್ಪುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ಆಕ್ಸೆಪ್ಟರ್

ನಾಣ್ಯವನ್ನೇ ತೆಗೆದುಕೊಳ್ಳುವ ಯಂತ್ರವಾದರೆ ತೊಂದರೆ ಹೆಚ್ಚು. ಒಂದು ರೂಪಾಯಿಯ ನಾಣ್ಯವೇ 25 ಮಿಲಿಮೀಟರ್, ಸುಮಾರು 22 ಮಿಲಿಮೀಟರ್, ಮತ್ತು 2019ರ ಸರಣಿಯಲ್ಲಿ 20 ಮಿಲಿಮೀಟರ್ ವ್ಯಾಸದಲ್ಲಿ ಚಲಾವಣೆಯಲ್ಲಿದೆ. ಎಲ್ಲವೂ ಹೋಗಲಿ ಎಂದು ಸೂಕ್ಷ್ಮತೆಯನ್ನು ಸಡಿಲಿಸಿದರೆ ಕಬ್ಬಿಣದ ವಾಷರೂ ಹೋಗುತ್ತದೆ. ಒಳಗೆ ಮಾದರಿ ಟೋಕನ್ ಇಟ್ಟು ಹೋಲಿಸುವ ಆಕ್ಸೆಪ್ಟರಿನಲ್ಲಿ ಸವೆದ ಮಾದರಿಯನ್ನು ಬದಲಿಸಿ, ಪಲ್ಸಿನ ಉದ್ದದ ಸ್ವಿಚ್ಚು ಬೋರ್ಡಿಗೆ ಹೊಂದುವ ಜಾಗದಲ್ಲಿದೆಯೇ ನೋಡಿ, ನಿರಾಕರಿಸಿದ ಟೋಕನ್ ಸಲೀಸಾಗಿ ಹಿಂದೆ ಬರುತ್ತದೆಯೇ ಪರೀಕ್ಷಿಸಿ.

ಕೈವಾಡದ ಗುರುತುಗಳು

ಇಷ್ಟೆಲ್ಲ ಆದ ಮೇಲೂ ಅಂತರ ಉಳಿದರೆ ಕೈವಾಡವನ್ನು ಹುಡುಕಬೇಕು, ಮತ್ತು ಆ ಹುಡುಕಾಟವನ್ನು ಒಳಗಿನವರಿಂದಲೇ ಶುರುಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಮೆರಿಕದ ನೆವಾಡಾದಲ್ಲಿ ಜೂಜಿನ ಯಂತ್ರಗಳ ಚಿಪ್‌ಗಳನ್ನು ಪರೀಕ್ಷಿಸುವ ಸರ್ಕಾರಿ ಕೆಲಸದಲ್ಲಿದ್ದ ರಾನ್ ಹ್ಯಾರಿಸ್ ಎಂಬಾತನೇ ಆ ಯಂತ್ರಗಳ ಪ್ರೋಗ್ರಾಂ ತಿದ್ದಿದ್ದ; 1995ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಅವನ ಜೊತೆಗಾರ ಸಂಖ್ಯೆ ಆರಿಸುವ ಕೆನೊ ಎಂಬ ಜೂಜಾಟದಲ್ಲಿ ಗೆದ್ದ 1,00,000 ಡಾಲರ್ ಪಡೆಯಲು ಹೋದಾಗ ಗುಟ್ಟು ಬಯಲಾಯಿತು. ಕೀಲಿ ಇದ್ದವನಿಗೆ ಬೀಗ ಒಡೆಯುವ ಅಗತ್ಯವಿಲ್ಲ.

ವೈರಿಂಗಿನ ನಕ್ಷೆಯನ್ನು ಕೈಯಲ್ಲಿ ಹಿಡಿದು, ನಕ್ಷೆಯಲ್ಲಿಲ್ಲದ ಪ್ರತಿ ವೈರನ್ನೂ ಕೊನೆಯವರೆಗೆ ನೋಡಿ. ಹಳೆಯ ಧೂಳಿನ ಕಟ್ಟಿನ ಮೇಲೆ ಹೊಸ ಬಿಳಿ ಟೈ, ಹೊಳೆಯುವ ಹೊಸ ಬೆಸುಗೆ, ಪಲ್ಸ್ ವೈರಿಗೆ ಸಮಾಂತರವಾಗಿ ಜೋಡಿಸಿದ ಸಣ್ಣ ಹಸಿರು ಬೋರ್ಡು, ಅದರಿಂದ ಹೊರಟ ಒಂದು ಗೇಣಿಗಿಂತ ಚಿಕ್ಕ ತುಂಡು ವೈರು, ಇವು ಕಂಡರೆ ಅದು ರಿಮೋಟ್ ರಿಸೀವರ್ ಆಗಿರುವ ಸಂಭವವಿದೆ. ರಿಸೀವರಿನ ರಿಲೇ ಪೂರ್ಣ ಉದ್ದದ ಪಲ್ಸ್ ಕೊಡುವುದರಿಂದ ಆಗ ಮೀಟರೂ ಉರುಳಿರುತ್ತದೆ ಎಂಬುದನ್ನು ಮೂರು ಲೆಕ್ಕಗಳೊಂದಿಗೆ ಹೊಂದಿಸಿ ನೋಡಿ. ಪ್ರೋಗ್ರಾಂ ಚಿಪ್ಪಿನ ಚೆಕ್‌ಸಮ್ಮನ್ನು (ಪ್ರೋಗ್ರಾಂ ತಿದ್ದಿದರೆ ಬದಲಾಗುವ ತಾಳೆ ಅಂಕಿಯನ್ನು) ಯಂತ್ರ ತಂದ ದಿನದ ದಾಖಲೆಯೊಂದಿಗೆ ಹೋಲಿಸಿ. ಬೋರ್ಡಿನ ಮೇಲಿನ ಸಣ್ಣ ಸೆಟ್ಟಿಂಗ್ ಸ್ವಿಚ್ಚುಗಳಾದ ಡಿಪ್ ಸ್ವಿಚ್ಚುಗಳ ಫೋಟೊವನ್ನೂ ಹೋಲಿಸಿ. ಮೆನುವಿನ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಉಳಿದಿದ್ದರೆ ಈವತ್ತೇ ಬದಲಿಸಿ.

ಮಾಲೀಕರದೇ ಕೈವಾಡವೂ ಇರುತ್ತದೆ, ಅದನ್ನು ಮುಚ್ಚಿಟ್ಟು ಕೈಪಿಡಿ ಬರೆಯುವುದು ಸರಿಯಲ್ಲ. ಬಹುಪಾಲು ಕ್ರೇನ್ ಯಂತ್ರಗಳ ಮೆನುವಿನಲ್ಲಿ ಕೊಂಡಿಯ ಹಿಡಿತದ ವೋಲ್ಟೇಜನ್ನೂ ಎಷ್ಟು ಆಟಕ್ಕೊಮ್ಮೆ ಗಟ್ಟಿ ಹಿಡಿತ ಕೊಡಬೇಕೆಂಬುದನ್ನೂ ನಿಗದಿಪಡಿಸಬಹುದು. ಅದನ್ನು ಬೊಂಬೆ ಎಂದೂ ಏಳದಂತೆ ಇಟ್ಟ ಯಂತ್ರಗಳನ್ನು ಕಂಡಿದ್ದೇನೆ. ಕರ್ನಾಟಕದ ವಿಡಿಯೊ ಗೇಮ್ ಕೇಂದ್ರಗಳ ವಿಷಯವಾಗಿ 1995ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಎಂ.ಜೆ. ಶಿವಾನಿ ಪ್ರಕರಣದಲ್ಲಿಯೂ, ಯಂತ್ರವನ್ನು ತಿದ್ದಿ ನಿಪುಣ ಆಟಗಾರನೂ ಗೆಲ್ಲದಂತೆ ಮಾಡಬಹುದೆಂಬ ಸಂಗತಿ ಪರಿಗಣನೆಗೆ ಬಂದಿತ್ತು. ಹಾಗೆ ಹಿಡಿತ ಸಡಿಲಿಸಿಕೊಡಿ ಎಂದು ಕೇಳಿದರೆ ತಂತ್ರಜ್ಞನು ಆಗುವುದಿಲ್ಲ ಎನ್ನಬೇಕು.

ರಿಸೀವರ್ ಸಿಕ್ಕರೆ ಕೀಳಬೇಡಿ. ಕರೆಂಟು ತೆಗೆದು, ಇದ್ದ ಜಾಗದಲ್ಲೇ ಫೋಟೊ ತೆಗೆದು, ಇಬ್ಬರ ಎದುರಿನಲ್ಲಿ ಬಾಗಿಲಿಗೆ ಸೀಲು ಹಾಕಿ ಸಹಿ ಮಾಡಿಸಿ, ಮಾಲೀಕರಿಂದ ಠಾಣೆಗೆ ದೂರು ಕೊಡಿಸಿ. ಜೇಬು ತಡಕಾಡುವುದು, ಹೊಡೆಯುವುದು, ಫೋನು ಕಸಿದುಕೊಳ್ಳುವುದು ನಮ್ಮ ಕೆಲಸವಲ್ಲ, ಮಾಲೀಕರ ಕೆಲಸವೂ ಅಲ್ಲ.

ಯಾವುದೂ ಹೊಳೆಯದಿದ್ದರೆ

ಒಂದೇ ಮಾದರಿಯ ಎರಡು ಯಂತ್ರಗಳಿದ್ದರೆ ಬೋರ್ಡುಗಳನ್ನು ಮಾತ್ರ ಅದಲುಬದಲು ಮಾಡಿ, ಲೆಕ್ಕ ಬರೆದಿಟ್ಟು ಓಡಿಸಿ. ದೋಷ ಬೋರ್ಡಿನ ಜೊತೆಗೆ ಹೋದರೆ ಬೋರ್ಡನ್ನು ಬದಲಿಸಿ. ಹಳೆಯ ಮೈಯಲ್ಲೇ ಉಳಿದರೆ ವೈರಿಂಗ್ ಇಲ್ಲವೆ ಎಸ್‌ಎಂಪಿಎಸ್ ನೋಡಿ. 12 ವೋಲ್ಟಿನ ಲೈನಿನಲ್ಲಿ ಎಸಿ ಅಳತೆ ಗಮನಾರ್ಹವಾಗಿ ಕಂಡರೆ ಉಬ್ಬಿದ ಕೆಪಾಸಿಟರ್ ಸಿಗುವುದು ಬಹುಪಾಲು ಖಚಿತ. ಯಂತ್ರವನ್ನೇ ಬೇರೆ ಜಾಗಕ್ಕೆ ಸರಿಸಿದಾಗ ದೋಷ ನಿಂತು, ಹಳೆಯ ಜಾಗಕ್ಕೆ ಬಂದ ಬೇರೆ ಯಂತ್ರಕ್ಕೆ ಅದೇ ದೋಷ ಹತ್ತಿದರೆ, ಕಾರಣ ಆ ಜಾಗದ ಪ್ಲಗ್ಗು, ನೆಲದ ಹಾಸು, ಬೆಳಕು ಇವುಗಳಲ್ಲಿದೆ. ಪ್ಲಗ್ಗಿನ ಅರ್ತ್ ಪಿನ್ನಿನಿಂದ ಅಳತೆ ಮತ್ತೆ ಶುರುಮಾಡಿ.